ಶಾರದಾಗೆ ಸಿಕ್ಕ ವಿನಾಯಿತಿ

8 ಜುಲೈ 2024, ಸೋಮವಾರ

ದೆಹಲಿಯ ನಮ್ಮ ಸರ್ಕಾರಿ ಸಂಸ್ಥೆಯಲ್ಲಿ ಇವತ್ತು ಡಿಜಿಟಲ್ ಕೌಶಲ್ಯದ ಅಂತರವನ್ನು ಮುಚ್ಚುವ ಕಾರ್ಯಕ್ರಮ ಉದ್ಘಾಟನೆಯಾಯಿತು. ಅಂತರ ಎಷ್ಟು ಅಗಲವಿದೆಯೆಂದು ಯಾರೂ ಅಳೆದಿಲ್ಲ, ಮುಚ್ಚುವುದಕ್ಕೆ ದೀಪ ಮಾತ್ರ ಹಚ್ಚಿದರು. ಬ್ಯಾನರು, ಹೂಗುಚ್ಛ, ಸಮೋಸ, ಗ್ರೂಪ್ ಫೋಟೋ. ಕಲಿಯಬೇಕಾದ ಗುಮಾಸ್ತರು ಹಿಂದಿನ ಸಾಲಿನಲ್ಲಿ, ಕಲಿಸುವ ಗುತ್ತಿಗೆ ಹಿಡಿದವರು ಮುಂದೆ. ಸೆಕ್ಷನ್ ಆಫೀಸರ್ ಎಂಬ ಕಾರಣಕ್ಕೆ ನನಗೆ ನಡುವಿನ ಸಾಲು.

ನನಗೆ ಎಲ್ಲವೂ ನೆನಪಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಎ.ಸಿ. ಕೋಣೆ ಕೊಟ್ಟು, ನಮ್ಮನ್ನು ಬಾಗಿಲಲ್ಲೇ ಚಪ್ಪಲಿ ಬಿಡಿಸಿ ಒಳಗೆ ಬಿಡುತ್ತಿದ್ದರು. ದೇವರ ದರ್ಶನ ಮಾಡಿದ ಹಾಗೆ ನೋಡಿ ಬರುತ್ತಿದ್ದೆವು. ಆಮೇಲೆ ತರಬೇತಿ ಬಂತು. ಗಂಡಸರ ಹೆಸರುಗಳಷ್ಟೇ ಹೋದವು. ‘ನೀವು ಮನೆಗೆ ಬೇಗ ಹೋಗಬೇಕಲ್ಲ’ ಎಂದರು ನಮಗೆ. ನಾನು ಜನಕಪುರಿಯ ಒಂದು ಸಂಜೆ ತರಗತಿಗೆ ಸೇರಿ, ಬಸುರಿಯಾಗಿದ್ದಾಗಲೇ, ಒಬ್ಬಳೇ ಕಲಿತೆ. ಯಾರೂ ಕೈಹಿಡಿದು ಮಾಡಿಸಲಿಲ್ಲ. ತಪ್ಪು ಮಾಡಿ ಮಾಡಿಯೇ ಕಲಿತೆ. ಕೊನೆಗೊಂದು ದಿನ ಟೈಪ್‌ರೈಟರುಗಳನ್ನು ಕಾರಿಡಾರಿನಲ್ಲಿ ಒಟ್ಟಿ ಗುಜರಿಗೆ ಹಾಕಿದರು, ಟೈಪಿಸ್ಟ್‌ಗಳನ್ನು ‘ಹೆಚ್ಚುವರಿ’ ಎಂದು ಕರೆದು ಎಲ್ಲೆಲ್ಲಿಗೋ ಎಸೆದರು. ಈಗ ಮತ್ತೆ ಅದೇ ನಾಟಕ.

ಈ ಸಲ ಸಿಕ್ಕಿಬಿದ್ದಿರುವವಳು ನಮ್ಮ ಸೆಕ್ಷನ್ನಿನ ಶಾರದಾ, ಪಾಪ. ಇಲ್ಲಿ ಕಾರು ಓಡಿಸುತ್ತಿದ್ದ ದೇವೇಂದ್ರಪ್ಪನ ಹೆಂಡತಿ. ಹರಿಹರದ ಕಡೆಯವರು. ಅವನು ಹೃದಯಾಘಾತದಿಂದ ಹೋದ ಮೇಲೆ ಅನುಕಂಪದ ಆಧಾರದಲ್ಲಿ ಇವಳಿಗೆ ಗುಮಾಸ್ತೆಯ ಕೆಲಸ ಕೊಟ್ಟರು. ಷರತ್ತು ಒಂದೇ: ನವೆಂಬರಿನ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಕೆಲಸ ಖಾಯಂ. ಇಲ್ಲದಿದ್ದರೆ ಅಟೆಂಡರ್ ಆಗಿ ಇಳಿಸುತ್ತಾರೆ. ಗಂಡ ಸತ್ತವಳಿಗೆ ಅನುಕಂಪ, ಅದಕ್ಕೂ ಒಂದು ಪರೀಕ್ಷೆ!

10 ಜುಲೈ, ಬುಧವಾರ

ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ತರಬೇತಿ ಹೇಗೆ ನಡೆಯುತ್ತಿದೆಯೆಂದು ನೋಡಲು ಮೂರನೆಯ ಮಹಡಿಗೆ ಹೋದೆ. ಕಲಿಸುವವನು ಇಪ್ಪತ್ತೈದರ ಹುಡುಗ, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ. ಪರದೆಯ ಮೇಲೆ ಇಂಗ್ಲಿಷ್ ಸ್ಲೈಡುಗಳು ರೈಲಿನ ಹಾಗೆ ಓಡುತ್ತಿದ್ದವು. ಶಾರದಾ ಮೌಸನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಒತ್ತುತ್ತಿದ್ದಳು. ಅವನು ಹಿಂದೆ ಬಂದು ನಿಂತು, “ಆಂಟೀಜೀ, ಯೇ ಮೌಸ್ ಹೈ, ಬೇಲನ್ ನಹೀಂ” ಎಂದ. ಮೌಸ್ ಇದು, ಲಟ್ಟಣಿಗೆಯಲ್ಲ! ಇಡೀ ಕೋಣೆ ನಕ್ಕಿತು. ಅವಳೂ ನಕ್ಕಳು, ನಗದೆ ಏನು ಮಾಡಿಯಾಳು.

ನಾನು ಸೀದಾ ಒಳಗೆ ಹೋದೆ. “ಏಳಮ್ಮ ಶಾರದಾ” ಎಂದೆ.

“ಮೇಡಂ, ಇನ್ನೂ ಅರ್ಧ ಗಂಟೆ ಇದೆ...”

“ಏಳು ಅಂದ್ರೆ ಏಳು. ಇಂಥವನ ಹತ್ರ ಕಲಿಯೋದು ಬೇಡ.”

ಅವನಿಗೆ ಹಿಂದಿಯಲ್ಲಿ ನಾಲ್ಕು ಮಾತು ಬಿಗಿದೆ. ಅವನ ಅಮ್ಮನಿಗೆ ಫೋನಿನಲ್ಲಿ ಹಣ ಕಳಿಸಲು ಬರುತ್ತದೆಯೇ ಎಂದು ಕೇಳಿದೆ. ತಬ್ಬಿಬ್ಬಾಗಿ “ಸಾರಿ ಮ್ಯಾಮ್, ಮಜಾಕ್ ಥಾ” ಎಂದ. ತಮಾಷೆಯಂತೆ! ಶಾರದಾಳ ಕೈ ಹಿಡಿದು ಕೆಳಗೆ ಕರೆತಂದೆ. ಮೆಟ್ಟಿಲಲ್ಲಿ ಅವಳ ಕಣ್ಣು ತುಂಬಿತ್ತು. ಅವಮಾನ ಅಂಥದ್ದು. ಅವಳು ಎರಡು ಸಲ ಹಿಂತಿರುಗಿ ನೋಡಿದಳು. ಅವನು ಬೆನ್ನಟ್ಟಿ ಬರುತ್ತಾನೇನೋ ಎಂಬ ಭಯವಿರಬೇಕು.

ನಾಳೆಯಿಂದ ಆ ಕೋಣೆಗೆ ಹೋಗಬೇಕಿಲ್ಲ ಎಂದು ಹೇಳಿದ್ದೇನೆ.

13 ಜುಲೈ, ಶನಿವಾರ

ಮಗಳು ಅದಿತಿ ಗುರುಗ್ರಾಮದಿಂದ ಬಂದಿದ್ದಳು. ಅವಳ ಕಂಪನಿಯಲ್ಲಿ ಅವಳ ಕೆಲಸವೂ ಇದೇ, ನೌಕರರಿಗೆ ತರಬೇತಿ ಕೊಡಿಸುವುದು. ಬುಧವಾರದ ಕಥೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

“ಅಚ್ಛಾ, ಟ್ರೇನರ್‌ಗೆ ಬೈದಿದ್ದು ಸರಿ” ಎಂದಳು. “ಲೇಕಿನ್ ಅಮ್ಮಾ, ಅವರನ್ನ ಯಾಕೆ ಎಬ್ಬಿಸಿಕೊಂಡು ಬಂದೆ? ಅವನನ್ನ ಹೊರಗೆ ಕಳಿಸಬೇಕಿತ್ತು ನಾ.”

“ಅವಮಾನ ಮಾಡಿಸಿಕೊಂಡು ಕೂತಿರಬೇಕಿತ್ತಾ?”

“ನೀನು ಅವರನ್ನ ಕೇಳಿದ್ಯಾ? ಇರ್ತೀರಾ, ಬರ್ತೀರಾ ಅಂತ?”

ಕೇಳುವುದೇನಿದೆ? ಕಣ್ಣು ನೋಡಿದರೆ ಗೊತ್ತಾಗುವುದಿಲ್ಲವೇ?

“ನೀನು ಯಾವಾಗಲೂ ಹೀಗೇ ಯಾರ್. ನನ್ನ ಸೈನ್ಸ್ ಪ್ರಾಜೆಕ್ಟ್ ಎಲ್ಲಾ ನೀನೇ ಮಾಡಿಬಿಡ್ತಿದ್ದೆ. ಪ್ರೈಜೂ ನಿಂಗೇ ಬರ್ತಿತ್ತು.”

ಇವರು ಪೇಪರಿನ ಹಿಂದಿನಿಂದ “ಆ ಜ್ವಾಲಾಮುಖಿ ಮಾತ್ರ ಬೊಂಬಾಟಾಗಿತ್ತು” ಎಂದರು. ಅಪ್ಪ ಮಗಳು ಇಬ್ಬರೂ ನಕ್ಕರು. ಗೋಪಿನಾಥ ಎಂಬ ಹೆಸರಿನ ಈ ಮನುಷ್ಯ ಅಕೌಂಟ್ಸ್‌ನಿಂದ ನಿವೃತ್ತನಾದ ಮೇಲೆ ನನ್ನ ಪಕ್ಷ ವಹಿಸುವುದನ್ನೂ ಬಿಟ್ಟಿದ್ದಾನೆ.

ಈಗಿನವರಿಗೆ ಎಲ್ಲವೂ ಮಾಡ್ಯೂಲು, ಸ್ಕಿಲ್ಲು. ಮನುಷ್ಯರ ಕಣ್ಣೀರು ಯಾವ ಮಾಡ್ಯೂಲಿನಲ್ಲಿ ಬರುತ್ತದೋ.

24 ಜುಲೈ, ಬುಧವಾರ

ಕಾಗದದ ಫೈಲು ಪೂರ್ತಿ ನಿಂತಿದೆ. ಎಲ್ಲವೂ ಕಂಪ್ಯೂಟರಿನಲ್ಲೇ ಹುಟ್ಟಿ, ಅಲ್ಲೇ ಏರಿ, ಅಲ್ಲೇ ಇಳಿಯಬೇಕು. ಶಾರದಾಳ ಮೇಜಿಗೆ ಬರುವ ಫೈಲುಗಳನ್ನು ಊಟದ ಹೊತ್ತಿನಲ್ಲಿ ಅವಳ ಪಾಸ್‌ವರ್ಡ್ ಹಾಕಿ ನಾನೇ ಮುಗಿಸಿ ಕಳಿಸುತ್ತಿದ್ದೇನೆ. ಹಾಗೆ ಮಾಡಬಾರದು ಎಂಬ ಸುತ್ತೋಲೆ ಇದೆ. ಅದನ್ನು ಬರೆದ ಅಧೀನ ಕಾರ್ಯದರ್ಶಿ ಸಾಹೇಬರ ಪಾಸ್‌ವರ್ಡ್ ಅವರ ಪಿ.ಎ.ಗೆ ಬಾಯಿಪಾಠ ಬರುತ್ತದೆ.

ಇವತ್ತು ಅವಳು, “ಮೇಡಂ, ಈ ಒಂದನ್ನ ನಾನೇ ಮಾಡ್ಲಾ? ನೀವು ಪಕ್ಕದಲ್ಲಿ ಕೂತು ನೋಡಿ” ಎಂದಳು.

ಮಾಡು ಎಂದೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾಳೆ. ಎರಡನೆಯ ಸಾಲಿನಲ್ಲಿ ತಪ್ಪಿತು. ಸಾಹೇಬರು ಮೇಲಿನಿಂದ ಎರಡು ಸಲ ಫೋನ್ ಮಾಡಿದ್ದರು. ನೋಡಿ ನೋಡಿ ತಡೆಯಲಾಗದೆ ಮೌಸ್ ತೆಗೆದುಕೊಂಡು ಮುಗಿಸಿಕೊಟ್ಟೆ. “ಇನ್ನೊಂದ್ಸಲ ನೋಡೋಣಮ್ಮ, ಇವತ್ತು ಅರ್ಜೆಂಟು” ಎಂದೆ.

“ಆಯ್ತು ಮೇಡಂ” ಎಂದು ಕೈ ಮಡಿಲಿಗೆ ಇಟ್ಟುಕೊಂಡಳು.

ಈಚೆಗೆ ಅವಳ ಮುಖದಲ್ಲಿ ನಿದ್ದೆಗೆಟ್ಟ ಕಳೆ. ಮಯೂರ್ ವಿಹಾರದಲ್ಲಿ ಒಂದು ಕೋಣೆಯ ಮನೆ, ಹತ್ತನೆಯ ತರಗತಿಯ ಮಗಳು ಸಿಂಚನಾ. ಅವಳ ಡಬ್ಬಿ ಕಟ್ಟಿ, ಬಸ್ಸಿಗೆ ಬಿಟ್ಟು, ಇವಳು ಬೆಳಿಗ್ಗೆ ಬೇಗನೇ ಮನೆ ಬಿಡುತ್ತಾಳಂತೆ. ಅಷ್ಟು ಬೇಗ ಎಲ್ಲಿಗೆಂದು ನಾನು ಕೇಳಲಿಲ್ಲ. ದೇವಸ್ಥಾನಕ್ಕಿರಬೇಕು, ಪಾಪ.

2 ಆಗಸ್ಟ್, ಶುಕ್ರವಾರ

ಸಿಕ್ಕಿತು! ದಾರಿ ಸಿಕ್ಕಿತು!

ತೊಂಬತ್ತರ ದಶಕದಲ್ಲಿ ನಮ್ಮ ಕ್ಯಾಂಟೀನ್ ಗುಮಾಸ್ತ ಅಶ್ವತ್ಥನಾರಾಯಣನಿಗೆ ಬೆರಳು ಜಜ್ಜಿಹೋದಾಗ ಟೈಪಿಂಗ್ ಪರೀಕ್ಷೆಯಿಂದ ‘ವಿಶೇಷ ಪ್ರಕರಣ’ ಎಂದು ವಿನಾಯಿತಿ ಕೊಟ್ಟಿದ್ದರು. ಆ ಟಿಪ್ಪಣಿಯನ್ನು ಅಂದು ಟೈಪ್ ಮಾಡಿದವಳೇ ನಾನು. ಈ ಕಟ್ಟಡದಲ್ಲಿ ಅದು ನೆನಪಿರುವವರು ಬೇರೆ ಯಾರೂ ಇಲ್ಲ. ಪೂರ್ವನಿದರ್ಶನ ಇದ್ದರೆ ಸರ್ಕಾರಿ ಮನುಷ್ಯನ ಪೆನ್ನು ತಾನಾಗಿ ಚಲಿಸುತ್ತದೆ.

ಅಧೀನ ಕಾರ್ಯದರ್ಶಿ ಸಾಹೇಬರು ತಲೆ ಕೆರೆದುಕೊಂಡು, “ಶ್ರೀಲಕ್ಷ್ಮೀಜೀ, ಆಪ್ ತೋ ಚಲ್ತಾ ಫಿರ್ತಾ ರೆಕಾರ್ಡ್ ರೂಮ್ ಹೈಂ” ಎಂದರು. ನಡೆದಾಡುವ ದಾಖಲೆ ಕೋಣೆ! ಮೂವತ್ತೈದು ವರ್ಷಗಳಲ್ಲಿ ಈ ಕಟ್ಟಡ ನನಗೆ ಕೊಟ್ಟ ಒಂದೇ ಬಿರುದು.

3 ಸೆಪ್ಟೆಂಬರ್, ಮಂಗಳವಾರ

ಅರ್ಜಿ ಸಿದ್ಧವಾಯಿತು. ಬಹಳ ಕಾಲದ ಮೇಲೆ ಇಷ್ಟು ಚೆನ್ನಾಗಿ ಬರೆದೆ. ಸಂವಿಧಾನದ ಆಶಯ, ವಿಧವೆಯರ ಸ್ಥಿತಿ, ಇಂಗ್ಲಿಷಿನಲ್ಲಿ ಕಲಿಸುವ ಕ್ರೌರ್ಯ, ಎಲ್ಲವೂ ಬಂದಿದೆ. ವಿನಾಯಿತಿ ಬೇಕಾದರೆ ಕಾರಣ ಗಟ್ಟಿ ಇರಬೇಕು. ಆದ್ದರಿಂದ ‘ವಯಸ್ಸು, ಹಿನ್ನೆಲೆ ಮತ್ತು ಮಾನಸಿಕ ಆಘಾತದ ಕಾರಣ ಅರ್ಜಿದಾರಳು ಕಂಪ್ಯೂಟರ್ ಕೌಶಲ್ಯವನ್ನು ಪಡೆಯಲು ಅಸಮರ್ಥಳು’ ಎಂದು ಬರೆದೆ.

ಶಾರದಾಗೆ ಕನ್ನಡದಲ್ಲಿ ಓದಿ ಹೇಳಿದೆ. ಆ ವಾಕ್ಯವನ್ನು ಮತ್ತೊಮ್ಮೆ ಓದಿಸಿದಳು.

“ಇದನ್ನ ನಾನೇ ಹೇಳಿದ ಹಾಗಿದೆಯಲ್ಲ ಮೇಡಂ.”

“ಅರ್ಜಿ ಅಂದ್ರೆ ಹಾಗೇನಮ್ಮ. ಅದೊಂದು ಭಾಷೆ.”

“ನನಗೆ ನಲವತ್ತೊಂದು ಅಷ್ಟೇ.” ಹಾಳೆಯ ಅಂಚು ಮಡಚುತ್ತ, “ಇದನ್ನೂ ಕೊಟ್ಟು, ಪರೀಕ್ಷೆಗೂ ಕೂತ್ಕೊಂಡ್ರೆ ಆಗಲ್ವಾ? ಒಂದು ವೇಳೆ ಪಾಸಾದ್ರೆ...” ಎಂದಳು.

ನನಗೆ ಸಿಟ್ಟೇ ಬಂತು. “ಅಸಮರ್ಥಳು ಅಂತ ಬರೆದು, ಆಮೇಲೆ ಹೋಗಿ ಪರೀಕ್ಷೆಗೆ ಕೂತ್ರೆ ನನ್ನ ಮಾತಿಗೆ ಏನು ಬೆಲೆ? ಫೇಲಾದ್ರೆ ಅಟೆಂಡರ್ ಮಾಡ್ತಾರೆ, ಗೊತ್ತಲ್ಲ? ಸಾಹೇಬರ ಕಪ್ಪು ತೊಳೀತೀಯಾ?”

“ಇಲ್ಲ ಮೇಡಂ.”

“ಮತ್ತೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಸಹಿ ಮಾಡಿದಳು. ಇಂಗ್ಲಿಷಿನಲ್ಲಿ ಮಾಡಿದ್ದು ನೋಡಿ ಆಶ್ಚರ್ಯವಾಯಿತು. ಮೊದಲು ಕನ್ನಡದಲ್ಲಿ ಮಾಡುತ್ತಿದ್ದಳು.

27 ಸೆಪ್ಟೆಂಬರ್, ಶುಕ್ರವಾರ

ಫೈಲು ಸಾಹೇಬರ ಬಳಿ. ಫೋನ್ ಮಾಡಿದೆ. ಮತ್ತೆ ಮಾಡಿದೆ.

ಊಟದ ಡಬ್ಬಿ ತೊಳೆದು ಬರುವಾಗ ಸೆಕ್ಷನ್ನಿನಲ್ಲಿ ಕೀಲಿಗಳ ಸದ್ದು. ಶಾರದಾ ಒಬ್ಬಳೇ ಕೂತಿದ್ದಳು. ನನ್ನನ್ನು ಕಂಡು ಪರದೆ ಮುಚ್ಚಿದಳು. “ಊಟ ಮಾಡಮ್ಮ ಮೊದಲು, ಇದರ ತಲೆನೋವು ನಿನಗೆ ಯಾಕೆ” ಎಂದು ಗದರಿದೆ.

22 ಅಕ್ಟೋಬರ್, ಮಂಗಳವಾರ

ಗೆದ್ದೆವು.

ವಿನಾಯಿತಿಯ ಆದೇಶ ಬಂತು. ಗುಮಾಸ್ತೆಯ ಹುದ್ದೆ ಖಾಯಂ, ಪರೀಕ್ಷೆ ಬೇಕಿಲ್ಲ. ಇಡೀ ವ್ಯವಸ್ಥೆಗೆ ಎದುರಾಗಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಉಳಿಸಿಕೊಂಡಳು. ದೀಪಾವಳಿಗೆ ಮೊದಲೇ ಪೇಡೆ ತರಿಸಿ ಹಂಚಿದೆ. ಎಲ್ಲರೂ ನನ್ನನ್ನೇ ಅಭಿನಂದಿಸಿದರು.

ಶಾರದಾ ಅರ್ಧ ಪೇಡೆ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟಳು, ಮಗಳಿಗೆಂದು. “ತುಂಬ ಉಪಕಾರ ಆಯ್ತು ಮೇಡಂ” ಎಂದಳು. ಅಷ್ಟೇ. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಮನೆಯಲ್ಲಿ ಹೇಳಿದಾಗ ಇವರು, “ಒಳ್ಳೇದಾಯ್ತು. ಅವಳಿನ್ನು ಏನು ಕೆಲಸ ಮಾಡ್ತಾಳೆ?” ಎಂದು ಕೇಳಿದರು. ಲೆಕ್ಕಪತ್ರದವರ ಬುದ್ಧಿ. ಸಂತೋಷದ ಮನೆಯಲ್ಲಿ ಮೊದಲು ಕೊಂಕನ್ನೇ ಹುಡುಕುತ್ತಾರೆ. ಗುಮಾಸ್ತೆಯ ಕೆಲಸ ಎಂದೆ. “ಕಂಪ್ಯೂಟರ್ ಇಲ್ಲದೆ?” ಎಂದರು. ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

14 ನವೆಂಬರ್, ಗುರುವಾರ

ಊರ ತುಂಬ ಚಳಿಗಾಲದ ಹೊಗೆ. ಎದುರಿನ ಬ್ಲಾಕ್ ಕಾಣುವುದಿಲ್ಲ. ಗಂಟಲು ಸುಡುತ್ತಿದೆ. ಆದರೂ ಬರೆಯಬೇಕು.

ಇವತ್ತು ಪರೀಕ್ಷೆ ಇತ್ತು. ನನ್ನ ಮಟ್ಟಿಗೆ ಅದು ಮುಗಿದ ಅಧ್ಯಾಯ. ಹನ್ನೊಂದರ ಸುಮಾರಿಗೆ ತರಬೇತಿಯ ಆ ಹುಡುಗ ಫೋನ್ ಮಾಡಿದ. “ಮ್ಯಾಮ್, ನಿಮ್ಮ ಶಾರದಾಜೀ ಇಲ್ಲಿ ಬಂದು ನಿಂತಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲ. ಹೋಗಿ ಎಂದರೆ ಹೋಗುತ್ತಿಲ್ಲ.” ಗೌರವದಿಂದಲೇ ಹೇಳಿದ. ಜುಲೈಯ ಮಾತು ನೆನಪಿತ್ತೇನೋ.

ಹೋದೆ. ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ. ಒಳಗೆ ಎಲ್ಲರೂ ಟೈಪ್ ಮಾಡುತ್ತಿದ್ದರು, ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು.

“ಇಲ್ಲಿ ಯಾಕೆ ಬಂದೆ ಶಾರದಾ? ನಿನಗೆ ಇದು ಬೇಕಿಲ್ಲವಲ್ಲ.”

“ಒಂದು ಸಲ ಕೂತು ನೋಡೋಣ ಅಂತ ಬಂದೆ ಮೇಡಂ. ಫೇಲಾದ್ರೆ ಆಗ್ಲಿ ಅಂತ.”

“ಏನು ಬರುತ್ತೆ ಅಂತ ಕೂತ್ಕೋತಿದ್ದೆ?”

ಆಗ ಹೇಳಿದಳು. ಮಯೂರ್ ವಿಹಾರ್ ಮೆಟ್ರೋ ಮೆಟ್ಟಿಲ ಪಕ್ಕದಲ್ಲಿ ಒಂದು ಟೈಪಿಂಗ್ ಸೆಂಟರ್ ಇದೆಯಂತೆ. ತರಬೇತಿ ಕೋಣೆಯಿಂದ ನಾನು ಎಬ್ಬಿಸಿ ಕರೆತಂದ ವಾರದಿಂದಲೇ ಪ್ರತಿದಿನ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದಳು. ಕಾಲೇಜಿಗೆ ಹೋಗುವ ಹುಡುಗಿಯರ ನಡುವೆ ಕೂತು. “ಅಲ್ಲೂ ನಗ್ತಿದ್ರು ಮೇಡಂ, ಮೊದಮೊದಲು. ನನಗೇನೂ ಅನ್ನಿಸ್ತಿರ್ಲಿಲ್ಲ. ನಾನೂ ನಗ್ತಿದ್ದೆ. ಆಮೇಲೆ ಅವ್ರೇ ಹೇಳಿಕೊಟ್ರು.”

“ನನಗೆ ಯಾಕೆ ಹೇಳಲಿಲ್ಲ?”

ಅವಳು ನನ್ನ ಮುಖ ನೋಡಿದಳು. “ನೀವು ಅಷ್ಟು ಕಷ್ಟಪಟ್ಟು ಬರೀತಿದ್ರಿ...” ಎಂದಳು.

ಆ ಹುಡುಗನನ್ನು ಕೇಳಿಕೊಂಡೆ. ಸಾಹೇಬರಿಗೂ ಫೋನ್ ಮಾಡಿದೆ. “ನೀವೇ ತಾನೇ ಬೇಡ ಎಂದಿರಿ” ಎಂದರು. ವಿನಾಯಿತಿ ಪಡೆದವರು ಪರೀಕ್ಷೆ ಬರೆಯಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಪೂರ್ವನಿದರ್ಶನವೂ ಇಲ್ಲ. ನನ್ನ ನೆನಪಿನಲ್ಲೂ ಇಲ್ಲ.

25 ನವೆಂಬರ್, ಸೋಮವಾರ

ಶಾರದಾಳನ್ನು ಗುರುಗ್ರಾಮದಾಚೆಯ ಮಾನೇಸರ್‌ಗೆ ಹಾಕಿದ್ದಾರೆ.

ಹಳೆಯ ಕಾಗದದ ಫೈಲುಗಳನ್ನೆಲ್ಲ ಅಲ್ಲಿ ಬಾಡಿಗೆಗೆ ಹಿಡಿದ ಗೋದಾಮಿಗೆ ಸಾಗಿಸಿದ್ದಾರೆ. ಸುತ್ತಲೂ ಕಾರಿನ ಬಿಡಿಭಾಗದ ಕಾರ್ಖಾನೆಗಳು. ಅಲ್ಲಿ ಕೂತು ಕಟ್ಟುಗಳನ್ನು ಕಾಯುವ ಕೆಲಸ. ಎರಡು ಮೆಟ್ರೋ ಬದಲಿಸಿ, ಆಮೇಲೆ ಬಸ್ಸು. ಸಿಂಚನಾಗೆ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅವಳು ಶಾಲೆಯಿಂದ ಬಂದಾಗ ಮನೆಯಲ್ಲಿ ಇನ್ನು ಯಾರೂ ಇರುವುದಿಲ್ಲ.

ಕೂಗಾಡಿದೆ. ಸಾಹೇಬರು ಕೂಗಾಡಲಿಲ್ಲ. ಆದೇಶವನ್ನು ಪರದೆಯ ಮೇಲೆ ತೋರಿಸಿದರು. ‘ಕಂಪ್ಯೂಟರ್ ಕೌಶಲ್ಯವನ್ನು ಪಡೆಯಲು ಅಸಮರ್ಥಳಾದ್ದರಿಂದ ಕೇಂದ್ರ ಕಚೇರಿಯಲ್ಲಿ ಕೊಡಲು ಕೆಲಸವಿಲ್ಲ.’ ನನ್ನದೇ ವಾಕ್ಯ. ಒಂದು ಪದ ಬದಲಿಸಿಲ್ಲ. ನಾನು ಚೆನ್ನಾಗಿ ಬರೆದಿದ್ದೆ.

“ಸೇವೆಯ ದಾಖಲೆಯಲ್ಲಿ ಸೇರಿಹೋಗಿದೆ ಮ್ಯಾಡಂ. ಇನ್ನು ತೆಗೆಯುವ ಹಾಗಿಲ್ಲ” ಎಂದರು.

ಈ ವ್ಯವಸ್ಥೆಯ ಮೇಲೆ ಬರೆಯಲು ಕೂತೆ. ಎಂದಿನ ಸಿಟ್ಟು ಬರಲಿಲ್ಲ. ಹುಡುಕಿದೆ, ಸಿಗಲಿಲ್ಲ.

26 ನವೆಂಬರ್, ಮಂಗಳವಾರ

ಅದಿತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ನಾನು ಹೇಳಿರಲಿಲ್ವಾ’ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. “ಅಮ್ಮಾ, ಊಟ ಆಯ್ತಾ?” ಎಂದಳು. ಅದು ಹೆಚ್ಚು ನೋಯಿತು.

ವರ್ಗಾವಣೆ ರದ್ದುಮಾಡುವಂತೆ ಹೊಸ ಅರ್ಜಿಯ ಕರಡು ಮಾಡಿಕೊಂಡು ಹೋಗಿದ್ದೆ. ಮಗಳ ಬೋರ್ಡ್ ಪರೀಕ್ಷೆ, ವಿಧವೆಯ ಒಂಟಿತನ, ಮಾನವೀಯ ನೆಲೆ. ಶಾರದಾಳ ಮುಂದೆ ಇಟ್ಟೆ. ಅವಳು ಓದಲಿಲ್ಲ. ಹಾಳೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.

“ಬೇಡ ಮೇಡಂ.”

“ಬೇಡ ಅಂದ್ರೆ ಹೇಗಮ್ಮ? ಹೋರಾಡಬೇಕು.”

“ಇನ್ನು ನನ್ನ ಬಗ್ಗೆ ಏನೂ ಬರೀಬೇಡಿ ಮೇಡಂ. ಕೈಮುಗೀತೀನಿ.”

ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಜುಲೈ ಎಂಟರಿಂದ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಈಗ ಓದಿದೆ. ‘ಪಾಪ’ ಎಂದು ಎರಡು ಕಡೆ ಬರೆದಿದ್ದೇನೆ. ಆಕೆಗೆ ಏನು ಬೇಕು ಎಂದು ಕೇಳಿದ ಸಾಲು ಮಾತ್ರ ಹುಡುಕಿದರೂ ಸಿಗಲಿಲ್ಲ.

29 ನವೆಂಬರ್, ಶುಕ್ರವಾರ

ಇವತ್ತು ಶಾರದಾಳ ಬಿಡುಗಡೆ. ಸೋಮವಾರದಿಂದ ಮಾನೇಸರ್.

ಬಿಡುಗಡೆಯ ಟಿಪ್ಪಣಿಯನ್ನು ಸೆಕ್ಷನ್ನಿನಿಂದಲೇ ಕಳಿಸಬೇಕು. ಮಾಡಲು ಕೂತೆ. ಆಕೆ ಪಕ್ಕದಲ್ಲಿ ಬಂದು ನಿಂತು, “ನಾನೇ ಮಾಡ್ತೀನಿ ಮೇಡಂ” ಎಂದಳು. ಮಾಡ್ಲಾ ಎಂದು ಕೇಳಲಿಲ್ಲ.

ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಪಕ್ಕದ ಸ್ಟೂಲಿನಲ್ಲಿ ಕೂತೆ.

ಸಂಸ್ಥೆಯ ಹೆಸರು ಹೊಡೆದಳು. ವಿಷಯ ಹೊಡೆದಳು. ವೇಗವಿರಲಿಲ್ಲ, ನಿಲ್ಲಲೂ ಇಲ್ಲ. ಕೀಲಿಗಳನ್ನು ನೋಡದೆ ಪರದೆ ನೋಡಿ ಹೊಡೆಯುತ್ತಿದ್ದಳು. ಒಂದು ಕಡೆ ತಪ್ಪಿತು. ನನ್ನ ಕೈ ಮೌಸಿನ ಕಡೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ತಪ್ಪು ಆಕೆಗೆ ಕಂಡಿರಲಿಲ್ಲ. ಎರಡು ಸಾಲು ಮುಂದೆ ಹೋದ ಮೇಲೆ ಕಂಡಿತು. ವಾಪಸ್ ಬಂದು ಅಳಿಸಿದಳು, ಸರಿಮಾಡಿದಳು, ಮುಂದೆ ಹೋದಳು. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯಿತೋ, ಮೇಲಿನಿಂದ ಫೋನ್ ಬಂದರೂ ನಾನು ಎತ್ತಲಿಲ್ಲ.

ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿದ್ದಳೇ? ಗೊತ್ತಿಲ್ಲ. ಬಹುಶಃ ಆಗುತ್ತಿದ್ದಳು, ಬಹುಶಃ ಇಲ್ಲ. ಅದು ತಿಳಿಯುವ ದಾರಿ ಮುಚ್ಚಿದೆ. ಮುಚ್ಚಿದ್ದು ಯಾರೆಂದು ತಿಳಿಯಲು ನನಗೆ ದೊಡ್ಡ ನೆನಪಿನ ಶಕ್ತಿ ಬೇಕಿಲ್ಲ.

ಕೊನೆಯ ಸಾಲು ಮುಗಿಸಿ ಪೂರ್ತಿ ಒಮ್ಮೆ ಓದಿಕೊಂಡಳು. ‘ಶ್ರೀಮತಿ ಶಾರದಾ ಅವರನ್ನು ಇಂದು ಅಪರಾಹ್ನ ಈ ಕಚೇರಿಯಿಂದ ಬಿಡುಗಡೆ ಮಾಡಲಾಗಿದೆ.’ ತನ್ನ ಹೆಸರಿನ ಮೇಲೆ ಒಂದು ಕ್ಷಣ ಬಾಣದ ಗುರುತು ನಿಲ್ಲಿಸಿದಳು.

“ಸರಿ ಇದೆಯಾ ಮೇಡಂ?”

“ಸರಿ ಇದೆ.”

“ಕಳಿಸ್ಲಾ?”

ಬೇಡ ಎನ್ನುವ ಅಧಿಕಾರ ನನಗೆ ಇದ್ದಿದ್ದರೆ!

“ಕಳಿಸಿ, ಶಾರದಾ” ಎಂದೆ.

ಒತ್ತಿದಳು. ಫೈಲು ಹೋಯಿತು.